ಮೊದಲು ಅಸ್ಫಾಲ್ಟೀನ್, ಆಮೇಲೆ ಮೇಣ: ಕಚ್ಚಾ ತೈಲದ ಪರೀಕ್ಷೆಯಲ್ಲಿ ಸರದಿ ಯಾಕೆ ಮುಖ್ಯ?

ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ರಂದು, ಮಂಡ್ಯ ಜಿಲ್ಲೆಯಲ್ಲಿ. ಅಲ್ಲಿಂದ ಇಲ್ಲಿವರೆಗೆ ಈ ರಸ್ತೆಯ ಬಗ್ಗೆ ಮೈಸೂರು, ಮಂಡ್ಯದಲ್ಲಿ ಮಾತು ನಿಂತಿಲ್ಲ. ಟೋಲ್ ಎಷ್ಟು, ಸರ್ವಿಸ್ ರಸ್ತೆ ಹೇಗಿದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಅಪಘಾತ ತಡೆಯುವುದು ಹೇಗೆ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಇವುಗಳ ಜೊತೆಗೆ ಇನ್ನೂ ಒಂದನ್ನು ಕೇಳಬೇಕು ಅಂತ ನನಗೆ ಅನ್ನಿಸುತ್ತದೆ. ಜಲ್ಲಿಯನ್ನು ಹಿಡಿದಿಟ್ಟಿರುವ ಆ ಕಪ್ಪು ಡಾಂಬರಿನೊಳಗೆ ಏನಿದೆ? ಈ ಹೆದ್ದಾರಿಗಷ್ಟೇ ಅಲ್ಲ, ನಮ್ಮ ಹಳ್ಳಿ ರಸ್ತೆಗಳಿಗೂ ಈ ಪ್ರಶ್ನೆ ಸೇರುತ್ತದೆ.

ಡಾಂಬರು ಕಚ್ಚಾ ತೈಲದ ತಳ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲ ಆವಿಯಾಗಿ ಹೋದ ಮೇಲೆ ಉಳಿಯುವ ದಪ್ಪ ಪದಾರ್ಥ. ಅದಕ್ಕೆ ಗಟ್ಟಿತನ ಕೊಡುವುದು ಅಸ್ಫಾಲ್ಟೀನ್ ಎಂಬ ಅಣುಗಳ ಗುಂಪು. ಅದೇ ತಳದಲ್ಲಿ ಮೇಣವೂ ಉಳಿದುಕೊಂಡಿರಬಹುದು. ರಸ್ತೆಗೆ ಅಸ್ಫಾಲ್ಟೀನ್ ಬೇಕು, ಮೇಣ ಜಾಸ್ತಿ ಇರಬಾರದು. ಎಷ್ಟೆಷ್ಟಿದೆ ಅಂತ ತಿಳಿಯಬೇಕಾದರೆ ಎರಡನ್ನೂ ಬೇರ್ಪಡಿಸಬೇಕು. ಕಷ್ಟ ಇರುವುದು ಇಲ್ಲೇ. ಒಂದನ್ನು ಹಿಡಿಯಲು ಹೋದರೆ ಇನ್ನೊಂದು ಜೊತೆಗೇ ಬಂದು ಬೀಳುತ್ತದೆ.

ಇದು ಈಗ ಯಾಕೆ ಮುಖ್ಯ ಅಂದರೆ, ನಮ್ಮ ತೈಲ ಬರುವ ದಾರಿಗಳು ಪದೇಪದೇ ಬದಲಾಗುತ್ತಿವೆ. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗುವ ಮುಂಚೆ ಅದರಲ್ಲಿ ರಷ್ಯಾದ ಪಾಲು ತೀರಾ ಸಣ್ಣದಿತ್ತು. ಒಂದೆರಡು ವರ್ಷದಲ್ಲಿ ಅದು ಮೂರನೇ ಒಂದು ಭಾಗದ ಹತ್ತಿರ ಬಂತು. ವೆನೆಜುವೆಲಾದ ದಪ್ಪ ತೈಲ ಅಮೆರಿಕದ ನಿರ್ಬಂಧ ಬಿಗಿಯಾದಾಗ ನಿಲ್ಲುತ್ತದೆ, ಸಡಿಲವಾದಾಗ ಮತ್ತೆ ಬರುತ್ತದೆ. ಇರಾಕ್ ಇದೆ, ಸೌದಿ ಇದೆ, ಅಮೆರಿಕದ ತೆಳು ತೈಲವೂ ಇದೆ. ಪೇಪರಿನಲ್ಲಿ ನಾವು ಓದುವುದು ಬ್ಯಾರೆಲ್ ಬೆಲೆ ಮಾತ್ರ. ರಿಫೈನರಿಯ ಲ್ಯಾಬ್‌ನಲ್ಲಿ ಕೂತವರಿಗೆ ಬಂದ ಪ್ರತಿಯೊಂದು ಹಡಗೂ ಹೊಸ ಲೆಕ್ಕ. ನಮ್ಮ ರಾಜ್ಯದ ಒಂದೇ ರಿಫೈನರಿ ಮಂಗಳೂರಿನ ಎಂ.ಆರ್.ಪಿ.ಎಲ್. ವರ್ಷಕ್ಕೆ 1.5 ಕೋಟಿ ಟನ್ ತೈಲ ಸಂಸ್ಕರಿಸುವ ಶಕ್ತಿ ಅದಕ್ಕಿದೆ, ಡಾಂಬರನ್ನೂ ತಯಾರಿಸುತ್ತದೆ. ಇಂಥ ದೊಡ್ಡ ರಿಫೈನರಿ ಒಂದೇ ಬಗೆಯ ತೈಲವನ್ನು ನಂಬಿ ನಡೆಯಲು ಆಗುವುದಿಲ್ಲ. ಹಲವು ಊರಿನ ತೈಲ ಬೆರೆಸಲೇಬೇಕು.

ಎರಡರ ಸ್ವಭಾವವೇ ಬೇರೆ

ಮೇಣದ ಅಣು ಸರಳ. ಕಾರ್ಬನ್ ಪರಮಾಣುಗಳು ಒಂದರ ಹಿಂದೆ ಒಂದು ಉದ್ದಕ್ಕೆ ಸೇರಿಕೊಂಡಿರುತ್ತವೆ, ಸುತ್ತ ಹೈಡ್ರೋಜನ್. ಸುಮಾರು 18 ಕಾರ್ಬನ್‌ನಿಂದ ಶುರುವಾಗಿ 60ರ ಆಚೆಗೂ ಹೋಗುತ್ತದೆ. ತೈಲ ಬಿಸಿ ಇದ್ದಾಗ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತಣ್ಣಗಾಗುತ್ತಾ ಬಂದಾಗ ತೆಳು ಹಾಳೆಯಂಥ ಹರಳುಗಳು ಮೂಡುತ್ತವೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ದ್ರವ ತೈಲವನ್ನು ನಡುವೆ ಹಿಡಿದಿಡುತ್ತವೆ. ನೂರರಲ್ಲಿ ಎರಡು ಪಾಲಿನಷ್ಟು ಮೇಣ ಹರಳಾದರೂ ಸಾಕು, ಇಡೀ ತೈಲ ಹರಿಯದೆ ಹೆಪ್ಪುಗಟ್ಟಬಹುದು.

ರಾಜಸ್ಥಾನದ ಬಾಡಮೇರ್‌ನ ಮಂಗಳಾ ಬಾವಿಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. 2004ರಲ್ಲಿ ಪತ್ತೆಯಾಗಿ 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಶುರುವಾದ ಈ ನಿಕ್ಷೇಪದ ತೈಲ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹರಿಯುವುದೇ ಇಲ್ಲ. ಅಂದರೆ ಏಪ್ರಿಲ್ ಮಧ್ಯಾಹ್ನ ಮೈಸೂರಿನಲ್ಲಿ ಒಂದು ಬಾಟಲಿಯಲ್ಲಿ ತಂದಿಟ್ಟರೂ ಅದು ಗಟ್ಟಿಯಾಗೇ ಕೂತಿರುತ್ತದೆ. ಅದಕ್ಕಾಗಿ ಗುಜರಾತ್ ಕರಾವಳಿವರೆಗೆ ಸುಮಾರು 670 ಕಿ.ಮೀ. ಉದ್ದದ ಪೈಪನ್ನು ಉದ್ದಕ್ಕೂ ವಿದ್ಯುತ್ತಿನಿಂದ ಬಿಸಿ ಮಾಡುತ್ತಾ ತೈಲ ಸಾಗಿಸುತ್ತಾರೆ. ಅಸ್ಸಾಂನ ನಾಹರ್‌ಕಟಿಯಾ ತೈಲವೂ ಮೇಣದ್ದೇ. ಅಲ್ಲಿ ಇನ್ನೊಂದು ಉಪಾಯ ಮಾಡಿದರು. ತೈಲವನ್ನು ಚೆನ್ನಾಗಿ ಕಾಯಿಸಿ, ಹತೋಟಿಯಲ್ಲಿ ಆರಿಸಿ, ಹರಳುಗಳು ಗಟ್ಟಿಯಾಗಿ ಹೆಣೆದುಕೊಳ್ಳದಂತೆ ಮಾಡಿ ಪೈಪಿಗೆ ಬಿಡುವುದು. ಮುಂಬೈ ಹೈ ತೈಲದಲ್ಲೂ ಮೇಣ ಜಾಸ್ತಿ. ನಮ್ಮ ದೇಶದ ನೆಲದಡಿ ಸಿಗುವ ತೈಲದ ಬಹುಪಾಲು ಹೀಗೇ ಇದೆ.

ಅಸ್ಫಾಲ್ಟೀನ್ ಇದಕ್ಕೆ ಪೂರ್ತಿ ಉಲ್ಟಾ. ಅದು ಒಂದು ಅಣುವಿನ ಹೆಸರಲ್ಲ, ಲಕ್ಷಾಂತರ ಬಗೆಯ ಅಣುಗಳ ಗುಂಪು. ನಡುವೆ ಬೆಂಜೀನ್ ಉಂಗುರಗಳು ಅಂಟಿಕೊಂಡ ಚಪ್ಪಟೆ ಭಾಗ, ಸುತ್ತ ಚಿಕ್ಕ ಬಾಲಗಳು. ಗಂಧಕ, ನೈಟ್ರೋಜನ್, ಆಕ್ಸಿಜನ್ ಸೇರಿಕೊಂಡಿರುತ್ತವೆ. ವೆನೇಡಿಯಂ, ನಿಕಲ್‌ನಂಥ ಲೋಹವೂ ಇರುತ್ತದೆ. ಈ ಅಣುವಿನ ತೂಕ ಎಷ್ಟು ಅನ್ನುವ ಬಗ್ಗೆಯೇ ವಿಜ್ಞಾನಿಗಳು ದಶಕಗಟ್ಟಲೆ ಜಗಳವಾಡಿದರು. ಕೆಲವರು ಸಾವಿರಗಟ್ಟಲೆ ಎಂದರು, ಕೆಲವರು ನೂರರ ಲೆಕ್ಕ ಎಂದರು. ಹೈಡ್ರೋಜನ್ ಪರಮಾಣುವಿನ ತೂಕ 1 ಅಂದುಕೊಂಡರೆ ಇದು ಸರಾಸರಿ 750ರ ಆಸುಪಾಸು ಎಂಬ ಅಭಿಪ್ರಾಯ ಈಗ ಗಟ್ಟಿಯಾಗಿದೆ. 2015ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಪರಮಾಣು ಬಲದ ಸೂಕ್ಷ್ಮದರ್ಶಕ ಬಳಸಿ ಬಿಡಿ ಅಸ್ಫಾಲ್ಟೀನ್ ಅಣುಗಳ ಚಿತ್ರವನ್ನೇ ತೆಗೆದರು. ಚಿತ್ರದಲ್ಲಿ ಕಂಡ ಅಣುಗಳಲ್ಲಿ ಒಂದರಂತೆ ಇನ್ನೊಂದು ಇರಲಿಲ್ಲ.

ಹಾಗಾದರೆ ಇಷ್ಟು ಬಗೆಯ ಅಣುಗಳನ್ನು ಒಂದೇ ಹೆಸರಿನಲ್ಲಿ ಯಾಕೆ ಕರೆಯುತ್ತಾರೆ? ಅವು ಯಾವುದರಲ್ಲಿ ಕರಗುತ್ತವೆ, ಯಾವುದರಲ್ಲಿ ಕರಗುವುದಿಲ್ಲ ಅನ್ನುವುದನ್ನು ನೋಡಿ. ಹೆಪ್ಟೇನ್ ಅಂದರೆ ಏಳು ಕಾರ್ಬನ್‌ನ ನೇರ ಸರಪಳಿಯ ತೆಳು ದ್ರವ, ಟಾಲೂಯಿನ್ ಅಂದರೆ ಬೆಂಜೀನ್ ಉಂಗುರ ಇರುವ ದ್ರವ. ಹೆಪ್ಟೇನ್‌ನಲ್ಲಿ ಕರಗದೆ, ಟಾಲೂಯಿನ್‌ನಲ್ಲಿ ಕರಗಿದರೆ ಅದು ಅಸ್ಫಾಲ್ಟೀನ್. 1837ರಲ್ಲಿ ಫ್ರಾನ್ಸಿನ ಬೂಸಾಂಗೋ ಈ ಹೆಸರಿಟ್ಟಾಗಲೂ ಅವನು ನೋಡಿದ್ದು ಕರಗುವ ಗುಣವನ್ನೇ. ಹೀಗಾಗಿ ಬಳಸುವ ದ್ರಾವಕ ಬದಲಾದರೆ ಅಸ್ಫಾಲ್ಟೀನ್ ಪ್ರಮಾಣವೂ ಬದಲಾಗುತ್ತದೆ. ಹೆಪ್ಟೇನ್ ಬದಲು ಅದಕ್ಕಿಂತ ಗಿಡ್ಡ ಸರಪಳಿಯ ಪೆಂಟೇನ್ ಹಾಕಿದರೆ ಅದೇ ತೈಲದಿಂದ ಜಾಸ್ತಿ ಅಸ್ಫಾಲ್ಟೀನ್ ಕೆಳಗೆ ಬೀಳುತ್ತದೆ. ಯಾವ ದ್ರಾವಕ ಅಂತ ಹೇಳದೆ ಸುಮ್ನೆ ಒಂದು ಸಂಖ್ಯೆ ಬರೆದರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಅಸ್ಫಾಲ್ಟೀನ್ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ನೆಮ್ಮದಿಯಾಗಿ ಕರಗಿಕೊಂಡಿದೆ ಅನ್ನುವುದು ಮುಖ್ಯ. ಇದಕ್ಕೆ ತೈಲ ಲೋಕದಲ್ಲಿ ಎಲ್ಲರೂ ಕೊಡುವ ಉದಾಹರಣೆ ಒಂದಿದೆ. ವೆನೆಜುವೆಲಾದ ಬೊಸ್ಕಾನ್ ತೈಲದಲ್ಲಿ ನೂರಕ್ಕೆ 17 ಪಾಲು ಅಸ್ಫಾಲ್ಟೀನ್ ಇದೆ. ಆದರೂ ಬಾವಿಯಿಂದ ತೆಗೆಯುವಾಗ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಅಲ್ಜೀರಿಯಾದ ಹಸ್ಸಿ ಮೆಸೌದ್ ತೈಲದಲ್ಲಿ ಇರುವುದು ಬರೀ 0.15 ಪಾಲು. ಅಲ್ಲಿ ಬಾವಿಯ ಪೈಪುಗಳೇ ಕಟ್ಟಿಕೊಂಡವು. ಬೊಸ್ಕಾನ್ ತೈಲದಲ್ಲಿ ಅಸ್ಫಾಲ್ಟೀನ್ ಅನ್ನು ಕರಗಿಸಿ ಇಡುವ ರೆಸಿನ್ (ಅಸ್ಫಾಲ್ಟೀನ್ ಅನ್ನು ಹೋಲುವ, ಆದರೆ ಹೆಪ್ಟೇನ್‌ನಲ್ಲಿ ಕರಗುವ ಅಣುಗಳು) ಮತ್ತು ಉಂಗುರದ ಅಣುಗಳು ಬೇಕಾದಷ್ಟಿವೆ. ಹಸ್ಸಿ ಮೆಸೌದ್ ತೈಲ ತೀರಾ ತೆಳು. ಬಾವಿಯಿಂದ ಮೇಲೆ ಬರುತ್ತಾ ಒತ್ತಡ ಇಳಿದಾಗ ಆ ಅಲ್ಪ ಅಸ್ಫಾಲ್ಟೀನ್ ಕೂಡ ಕರಗಿ ಉಳಿಯಲು ಆಗದೆ ಹೊರಗೆ ಬೀಳುತ್ತದೆ.

ಪೈಪಿನೊಳಗೆ ಕಪ್ಪಗೆ ಕಟ್ಟಿಕೊಂಡದ್ದು ಮೇಣವೋ ಅಸ್ಫಾಲ್ಟೀನೋ ಅಂತ ಬರೀ ಕಣ್ಣಲ್ಲಿ ನೋಡಿ ಹೇಳಲು ಆಗದು. ಹೆಚ್ಚು ಸಲ ಎರಡೂ ಬೆರೆತೇ ಇರುತ್ತವೆ. ಮೇಣವಾದರೆ ಬಿಸಿ ಕೊಟ್ಟು ಕರಗಿಸಬಹುದು. ಅಸ್ಫಾಲ್ಟೀನ್ ಹಾಗೆ ಬಿಸಿಗೆ ಕರಗಿ ಹರಿಯುವುದಿಲ್ಲ, ಅದಕ್ಕೆ ಟಾಲೂಯಿನ್, ಝೈಲೀನ್‌ನಂಥ ದ್ರಾವಕ ಬೇಕು. ಗುರುತು ತಪ್ಪಿ ಮೇಣ ಅಂದುಕೊಂಡು ಪೆಟ್ರೋಲಿನಂಥ ತೆಳು ನ್ಯಾಫ್ತಾ ಸುರಿದರೆ, ತೈಲದಲ್ಲಿ ಅಲ್ಲಿವರೆಗೆ ಕರಗಿದ್ದ ಅಸ್ಫಾಲ್ಟೀನ್ ಕೂಡ ಕೆಳಗೆ ಬಿದ್ದು ಪೈಪು ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ಲ್ಯಾಬ್‌ನಲ್ಲಿ ಬೇರ್ಪಡಿಸುವುದು

ಇಲ್ಲಿ ಸರದಿಯ ಮಾತು ಬರುತ್ತದೆ. ಮೇಣವನ್ನು ಮೊದಲು ತೆಗೆಯೋಣ ಅಂದುಕೊಳ್ಳಿ. ಮೇಣ ಇಳಿಸಲು ಅಸಿಟೋನ್ ಸೇರಿದ ದ್ರಾವಕ ಹಾಕಿ ಚೆನ್ನಾಗಿ ತಣ್ಣಗೆ ಮಾಡಬೇಕು. ಆದರೆ ಅಸಿಟೋನ್‌ನಲ್ಲಿ ಅಸ್ಫಾಲ್ಟೀನ್ ಕೂಡ ಕರಗುವುದಿಲ್ಲ. ಎರಡೂ ಒಟ್ಟಿಗೆ ಕೆಳಗೆ ಬೀಳುತ್ತವೆ. ನೀವು ತೂಗಿ "ಮೇಣ" ಅಂತ ಬರೆದ ಸಂಖ್ಯೆಯಲ್ಲಿ ಅಸ್ಫಾಲ್ಟೀನ್ ಸೇರಿಹೋಯಿತು.

ಸರಿ, ಅಸ್ಫಾಲ್ಟೀನ್ ಮೊದಲು ತೆಗೆಯೋಣ. ತೈಲಕ್ಕೆ ಹೆಪ್ಟೇನ್ ಹಾಕಿ, ಕೋಣೆಯ ತಂಪಿನಲ್ಲೇ ಬಿಟ್ಟು ಸೋಸಿದಿರಿ. ಆಗ ಉದ್ದ ಸರಪಳಿಯ ಮೇಣ ಪೂರ್ತಿ ಕರಗದೆ ಅಸ್ಫಾಲ್ಟೀನ್ ಜೊತೆ ಸೋಸುಕಾಗದದ ಮೇಲೇ ನಿಲ್ಲುತ್ತದೆ. ಈಗ "ಅಸ್ಫಾಲ್ಟೀನ್" ಅಂತ ಬರೆದದ್ದರಲ್ಲಿ ಮೇಣ ಸೇರಿತು. ಸೋಸಿದ ದ್ರವದಲ್ಲಿ ಆಮೇಲೆ ಅಳೆದ ಮೇಣ ಕಡಿಮೆ ಬಂತು.

ಮಂಡ್ಯದ ಆಲೆಮನೆ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಕಬ್ಬಿನ ಹಾಲು ಕುದಿಯಲು ಶುರುವಾಗುವಾಗಲೇ ಸುಣ್ಣ ಹಾಕಿ ಮಡ್ಡಿಯನ್ನು ಮೇಲೆ ತೇಲಿಸಿ ತೆಗೆದುಬಿಡಬೇಕು. ಪಾಕ ಗಟ್ಟಿಯಾಗಲು ಬಿಟ್ಟ ಮೇಲೆ ಮಡ್ಡಿ ತೆಗೆಯುತ್ತೇನೆ ಅಂದರೆ ಆಗುತ್ತಾ? ಬೆಲ್ಲದೊಳಗೇ ಸೇರಿಹೋಗುತ್ತದೆ. ಬಿಸಿ ಎಷ್ಟಿರಬೇಕು, ಯಾವ ಹೊತ್ತಿಗೆ ಯಾವುದು ಅನ್ನುವುದರಲ್ಲೇ ಆ ಕೆಲಸ ನಿಂತಿದೆ.

ಪ್ರಮಾಣಿತ ವಿಧಾನದಲ್ಲಿ ಈ ಸಮಸ್ಯೆಗೆ ಉತ್ತರ ಬಿಸಿ ಹೆಪ್ಟೇನ್. ಐಪಿ 143 ಎಂಬ ಹೆಸರಿನ ಪರೀಕ್ಷೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಒಂದು ಗ್ರಾಂ ಮಾದರಿಗೆ 30 ಮಿಲಿ ಲೀಟರ್ ಹೆಪ್ಟೇನ್ ಹಾಕಿ, ಮೇಲೆ ಆವಿಯನ್ನು ತಣಿಸಿ ವಾಪಸ್ ಇಳಿಸುವ ಕಂಡೆನ್ಸರ್ ಇಟ್ಟು ಒಂದು ಗಂಟೆ ಕುದಿಸುತ್ತಾರೆ. ಆಮೇಲೆ ಆರಿಸಿ, ಬೆಳಕು ಬೀಳದ ಕಡೆ ಒಂದೂವರೆ ಗಂಟೆಯಿಂದ ಎರಡೂವರೆ ಗಂಟೆ ಬಿಡುತ್ತಾರೆ. ನಂತರ ಸೋಸುತ್ತಾರೆ. ಇಷ್ಟಕ್ಕೇ ತೂಗಿದರೆ ತಪ್ಪು ಉತ್ತರ ಬರುತ್ತದೆ. ಸೋಸಿದ ಕಾಗದವನ್ನು ಮಡಚಿ ಎಕ್ಸ್‌ಟ್ರಾಕ್ಟರ್‌ನಲ್ಲಿಟ್ಟು, ಕುದಿಯುವ ಹೆಪ್ಟೇನ್‌ನ ಆವಿ ತಣಿದು ಹನಿಹನಿಯಾಗಿ ಅದರ ಮೇಲೆ ಬೀಳುವಂತೆ ಕನಿಷ್ಠ ಒಂದು ಗಂಟೆ ತೊಳೆಯಬೇಕು. ಸಿಕ್ಕಿಕೊಂಡ ಮೇಣ ಹೊರಗೆ ಹೋಗುವುದು ಈ ತೊಳೆತದಲ್ಲಿ. ಆಮೇಲೆ ಪಾತ್ರೆ ಬದಲಿಸಿ, ಅದೇ ಕಾಗದದ ಮೇಲೆ ಬಿಸಿ ಟಾಲೂಯಿನ್ ಬಿಟ್ಟರೆ ಅಸ್ಫಾಲ್ಟೀನ್ ಕರಗಿ ಕೆಳಗಿಳಿಯುತ್ತದೆ. ಮರಳು, ಉಪ್ಪು, ತುಕ್ಕು ಕಾಗದದಲ್ಲೇ ಉಳಿಯುತ್ತವೆ. ಟಾಲೂಯಿನ್ ಆವಿಯಾಗಿಸಿ ಉಳಿದದ್ದನ್ನು ತೂಗಿದರೆ ಅದು ಅಸ್ಫಾಲ್ಟೀನ್.

ಈ ಬಿಸಿ ತೊಳೆತಕ್ಕೆ ಹೊತ್ತು ಹಿಡಿಯುತ್ತದೆ, ಬೇಸರವೂ ಆಗುತ್ತದೆ. ಆದರೆ ಇಡೀ ಪರೀಕ್ಷೆಯ ಜೀವ ಇರುವುದು ಅದರಲ್ಲೇ. ಮೇಣ ಹೆಚ್ಚಿರುವ ತೈಲಕ್ಕಂತೂ ಇದನ್ನು ಮೊಟಕುಗೊಳಿಸಲೇಬಾರದು. ನೂರಕ್ಕೆ 2 ಪಾಲು ಅಸ್ಫಾಲ್ಟೀನ್, 20 ಪಾಲು ಮೇಣ ಇರುವ ಒಂದು ತೈಲವನ್ನು ಊಹಿಸಿಕೊಳ್ಳಿ. ಆ ಮೇಣದಲ್ಲಿ ಹತ್ತರಲ್ಲಿ ಒಂದು ಭಾಗ ಕಾಗದದ ಮೇಲೆ ಉಳಿದರೂ ಅಸ್ಫಾಲ್ಟೀನ್ ಲೆಕ್ಕ ನೇರವಾಗಿ ದುಪ್ಪಟ್ಟಾಗುತ್ತದೆ.

ಅಸ್ಫಾಲ್ಟೀನ್ ಹೋದ ಮೇಲೆ ಉಳಿದ ಹೆಪ್ಟೇನ್ ದ್ರಾವಣದಲ್ಲಿ ಮೇಣ, ರೆಸಿನ್, ಉಂಗುರದ ಅಣುಗಳು, ಎಣ್ಣೆ ಎಲ್ಲ ಇವೆ. ಇದನ್ನು ಸಿಲಿಕಾ ಅಥವಾ ಜೇಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸುತ್ತಾರೆ. ಹೆಪ್ಟೇನ್ ಜೊತೆ ಸುಲಭವಾಗಿ ಇಳಿದು ಬರುವ ಭಾಗದಲ್ಲಿ ಮೇಣ ಇರುತ್ತದೆ. ರೆಸಿನ್ ಮೇಲೇ ಅಂಟಿಕೊಳ್ಳುತ್ತದೆ. ಇಳಿದ ಭಾಗಕ್ಕೆ ಅಸಿಟೋನ್ ಮಿಶ್ರಣ ಹಾಕಿ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ ತಣಿಸಿ, ಅದೇ ತಂಪಿನಲ್ಲಿ ಸೋಸಿದರೆ ಬಿಳಿ ಮೇಣ ಸಿಗುತ್ತದೆ. ಸೋಸುವಾಗ ತಂಪು ಕಡಿಮೆಯಾದರೆ ಸ್ವಲ್ಪ ಮೇಣ ಮತ್ತೆ ಕರಗಿ ಕೈತಪ್ಪುತ್ತದೆ. ಸಿಕ್ಕ ಮೇಣ ನಿಜವಾಗಿ ಮೇಣವೇ ಅಂತ ಅಣುಗಳನ್ನು ಬಿಡಿಬಿಡಿಯಾಗಿ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು.

ಇಲ್ಲಿ ಒಂದು ವಿಷಯ ಹೇಳದೆ ಇರಲಾರೆ. ನೇರ ಸರಪಳಿಯ ಮೇಣವನ್ನು ಆರಿಸಿ ಹಿಡಿಯಲು ಯೂರಿಯಾ ಬಳಸಬಹುದು! ಹೌದು, ನಮ್ಮ ಗದ್ದೆಗೆ ಹಾಕುವ ಅದೇ ಯೂರಿಯಾ. ಜರ್ಮನಿಯ ಫ್ರೆಡ್ರಿಕ್ ಬೆಂಗೆನ್ 1940ರಲ್ಲಿ ಇದನ್ನು ಕಂಡುಹಿಡಿದ. ನೇರ ಸರಪಳಿ ಎದುರಿಗಿದ್ದರೆ ಯೂರಿಯಾ ಅದರ ಸುತ್ತ ಹರಳು ಕಟ್ಟಿ ಕಿರಿದಾದ ಕೊಳವೆ ಮಾಡಿಕೊಳ್ಳುತ್ತದೆ. ನೇರ ಅಣು ಅದರೊಳಗೆ ಕೂರುತ್ತದೆ. ಕವಲೊಡೆದ ಅಣುಗಳು, ಉಂಗುರದ ಅಣುಗಳು ಹಿಡಿಸುವುದಿಲ್ಲ, ಹೊರಗೇ ಉಳಿಯುತ್ತವೆ. ಹರಳನ್ನು ಸೋಸಿ ಬಿಸಿನೀರು ಹಾಕಿದರೆ ಯೂರಿಯಾ ಕರಗಿ ಮೇಣ ಬಿಡುಗಡೆ ಆಗುತ್ತದೆ. ರಸಾಯನಶಾಸ್ತ್ರದಲ್ಲಿ ನನಗೆ ತುಂಬಾ ಇಷ್ಟವಾದ ಬೇರ್ಪಡಿಕೆ ಇದು.

ರಿಫೈನರಿಯಲ್ಲೂ ಅದೇ ಸರದಿ

ಲೂಬ್ರಿಕೆಂಟ್ ಎಣ್ಣೆ ಮಾಡುವ ಘಟಕಗಳು ದೊಡ್ಡ ಪ್ರಮಾಣದಲ್ಲಿ ಮಾಡುವುದೂ ಇದನ್ನೇ. ತಳದ ಎಣ್ಣೆಗೆ ಒತ್ತಡದಲ್ಲಿ ದ್ರವ ಪ್ರೊಪೇನ್ ಬೆರೆಸಿ ಮೊದಲು ಅಸ್ಫಾಲ್ಟೀನ್ ಬೀಳಿಸುತ್ತಾರೆ. ಕೊನೆಗೆ ಮೀಥೈಲ್ ಈಥೈಲ್ ಕೀಟೋನ್ ಮತ್ತು ಟಾಲೂಯಿನ್ ಹಾಕಿ ತಣಿಸಿ ಮೇಣ ತೆಗೆಯುತ್ತಾರೆ. ಹೀಗೆ ತೆಗೆದ ಮೇಣ ಮೇಣದಬತ್ತಿಗೆ ಹೋಗುತ್ತದೆ, ಟಯರ್‌ಗೂ ಹೋಗುತ್ತದೆ. ಮೈಸೂರಿನ ಮೇಟಗಳ್ಳಿಯಲ್ಲಿ ಟಯರ್ ಕಾರ್ಖಾನೆ ಇದೆ, ಅಲ್ವಾ? ಟಯರ್ ರಬ್ಬರಿಗೆ ಸಾಮಾನ್ಯವಾಗಿ ಸ್ವಲ್ಪ ಮೇಣ ಬೆರೆಸುತ್ತಾರೆ. ಅದು ನಿಧಾನವಾಗಿ ಮೇಲ್ಮೈಗೆ ಬಂದು ತೆಳು ಪದರವಾಗಿ ನಿಂತು, ಗಾಳಿಯ ಓಝೋನ್ ರಬ್ಬರನ್ನು ಸೀಳದಂತೆ ಕಾಯುತ್ತದೆ.

ತೈಲ ಬೆರೆಸುವಲ್ಲೂ ಸರದಿ ಬೇಕು. ಅಮೆರಿಕದ ತೆಳು ತೈಲದಲ್ಲಿ ನೇರ ಸರಪಳಿಯ ಅಣುಗಳೇ ಹೆಚ್ಚು. ಅದನ್ನು ಅಸ್ಫಾಲ್ಟೀನ್ ತುಂಬಿದ ದಪ್ಪ ತೈಲದ ಜೊತೆ ಬೇಕಾಬಿಟ್ಟಿ ಬೆರೆಸಿದರೆ, ಟ್ಯಾಂಕಿನಲ್ಲೇ ಹೆಪ್ಟೇನ್ ಪರೀಕ್ಷೆ ನಡೆದಹಾಗೆ! ಬಿಡಿಬಿಡಿಯಾಗಿ ಸರಿಯಾಗಿದ್ದ ಎರಡು ತೈಲಗಳು ಸೇರಿದಾಗ ಅಸ್ಫಾಲ್ಟೀನ್ ಕೆಳಗೆ ಬೀಳುತ್ತದೆ, ಬಿಸಿ ಮಾಡುವ ಕೊಳವೆಗಳಿಗೆ ಅಂಟುತ್ತದೆ. ಎಕ್ಸಾನ್‌ನಲ್ಲಿ ಕೆಲಸ ಮಾಡಿದ ಇರ್ವಿನ್ ವೀಹೆ ಎಂಬ ವಿಜ್ಞಾನಿ ಇದಕ್ಕೊಂದು ಲೆಕ್ಕ ಕೊಟ್ಟರು. ಪ್ರತಿ ತೈಲಕ್ಕೂ ಎರಡು ಸಂಖ್ಯೆ. ಒಂದು, ಅದು ಅಸ್ಫಾಲ್ಟೀನ್ ಅನ್ನು ಎಷ್ಟು ಚೆನ್ನಾಗಿ ಕರಗಿಸಿ ಇಡಬಲ್ಲದು. ಇನ್ನೊಂದು, ಅದರ ಅಸ್ಫಾಲ್ಟೀನ್ ಕರಗಿ ಉಳಿಯಲು ಎಷ್ಟು ಬಲ ಬೇಕು. ಬೆರಕೆಯ ಮೊದಲ ಸಂಖ್ಯೆ, ಸೇರಿದ ತೈಲಗಳ ಎರಡನೆಯ ಸಂಖ್ಯೆಗಳಲ್ಲಿ ದೊಡ್ಡದಕ್ಕಿಂತ ಮೇಲಿರಬೇಕು. ಬೆರೆಸುವಾಗಲೂ ಕರಗಿಸುವ ಬಲ ಹೆಚ್ಚಿರುವ ತೈಲದಿಂದ ಶುರುಮಾಡಿ, ಕಡಿಮೆ ಇರುವುದನ್ನು ಆಮೇಲೆ ಸೇರಿಸುತ್ತಾ ಹೋಗಬೇಕು. ಹಡಗಿನ ತೈಲ ಎಷ್ಟು ಅಗ್ಗ ಅಂತ ನೋಡುವವರು ಈ ಲೆಕ್ಕವನ್ನೂ ಸೇರಿಸಿಯೇ ನೋಡಬೇಕು.

ರಸ್ತೆಗೆ ಬರುವಾಗ

ಡಾಂಬರಿನಲ್ಲಿ ಮೇಣ ಹೆಚ್ಚಿದ್ದರೆ ಏನಾಗುತ್ತದೆ? ಬೇಸಿಗೆಯ ಬಿಸಿಲಿಗೆ ರಸ್ತೆ ಕಾದಾಗ ಮೇಣ ಕರಗಿ ಡಾಂಬರು ಮೆತ್ತಗಾಗುತ್ತದೆ, ಕಬ್ಬಿನ ಲಾರಿಗಳು ಓಡಾಡಿದ ಕಡೆ ಚಕ್ರದ ಗುಂಡಿ ಬೀಳುತ್ತದೆ. ಚಳಿಯಲ್ಲಿ ಮೇಣ ಹರಳಾಗಿ ಡಾಂಬರು ಬಿರುಸಾಗುತ್ತದೆ. ಜಲ್ಲಿಗೆ ಅಂಟುವ ಗುಣವೂ ಕುಂದುತ್ತದೆ, ಆಗ ಮಳೆನೀರಿಗೆ ಜಲ್ಲಿ ಬಿಟ್ಟುಬರುವುದು ಸುಲಭ. ಎಲ್ಲ ಮೇಣವೂ ಕೆಟ್ಟದ್ದು ಅಂತಲ್ಲ. ಕಡಿಮೆ ಬಿಸಿಯಲ್ಲಿ ರಸ್ತೆ ಹಾಕಲು ಅನುಕೂಲ ಆಗಲಿ ಅಂತ ಹೆಚ್ಚು ಬಿಸಿಗೆ ಮಾತ್ರ ಕರಗುವ ಕೃತಕ ಮೇಣವನ್ನು ಬೇಕೆಂದೇ ಸೇರಿಸುವುದೂ ಇದೆ. ಯಾವ ಮೇಣ, ಎಷ್ಟು ಅನ್ನುವುದೇ ಪ್ರಶ್ನೆ.

ಹಳೆಯ ಭಾರತೀಯ ಮಾನಕದಲ್ಲಿ ಡಾಂಬರಿನ ದರ್ಜೆಯಲ್ಲೇ ಅದರ ಮೂಲ ಗೊತ್ತಾಗುತ್ತಿತ್ತು. ಅಸ್ಸಾಂ ತೈಲದ ಡಾಂಬರಿಗೆ 'ಎ' ಗುರುತು, ಬೇರೆ ಮೂಲದ್ದಕ್ಕೆ 'ಎಸ್' ಗುರುತು. 2006ರಲ್ಲಿ ವಿಜಿ (ವಿಸ್ಕಾಸಿಟಿ ಗ್ರೇಡ್) ದರ್ಜೆಗಳು ಬಂದವು. ವಿಸ್ಕಾಸಿಟಿ ಅಂದರೆ ದ್ರವ ಹರಿಯಲು ಎಷ್ಟು ತಡೆ ಒಡ್ಡುತ್ತದೆ ಅನ್ನುವ ದಪ್ಪತನ, ಅದರ ಅಳತೆ ಪಾಯ್ಸ್. ಈಗ ವಿಜಿ-30 ಅಂದರೆ 60 ಡಿಗ್ರಿಯಲ್ಲಿ ಕನಿಷ್ಠ 2400 ಪಾಯ್ಸ್ ದಪ್ಪ ಇರಬೇಕು ಅಂತ ಅರ್ಥ. ಬಿಸಿಲಿಗೆ ಕಾದ ರಸ್ತೆಯ ತಾಪವನ್ನು ಲೆಕ್ಕಕ್ಕೆ ತೆಗೆದುಕೊಂಡ ಒಳ್ಳೆಯ ಬದಲಾವಣೆ ಅದು. ಆದರೆ ದಪ್ಪ ಸರಿಯಾಗಿದ್ದ ಮಾತ್ರಕ್ಕೆ ಒಳಗಿನ ಮೇಣ, ಅಸ್ಫಾಲ್ಟೀನ್ ಲೆಕ್ಕ ಸರಿಯಿದೆ ಅಂತ ಹೇಳಲು ಬರುವುದಿಲ್ಲ. ಒಂದೇ ದಪ್ಪದ ಎರಡು ಡಾಂಬರು ಬೇರೆ ಬೇರೆ ತೈಲದಿಂದ ಬಂದಿರಬಹುದು. ತೈಲದ ಮೂಲ ತಿಂಗಳು ತಿಂಗಳಿಗೆ ಬದಲಾಗುವ ಈ ಕಾಲದಲ್ಲಿ ಇವೆರಡರ ಪ್ರಮಾಣವನ್ನೂ ಅಳೆದು ದಾಖಲಿಸುವುದು ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಕೆಲಸಕ್ಕೆ ಮೈಸೂರು, ಮಂಡ್ಯದಲ್ಲಿ ಜನಕ್ಕೆ ಕೊರತೆಯಿಲ್ಲ. 1916ರಿಂದ ಇರುವ ವಿಶ್ವವಿದ್ಯಾನಿಲಯ ಇದೆ. ಸಿವಿಲ್ ಎಂಜಿನಿಯರಿಂಗ್ ಕಲಿಸುವ ಹಳೆಯ ಕಾಲೇಜುಗಳು ಎರಡೂ ಊರಲ್ಲಿವೆ. ಐಪಿ 143ಕ್ಕೆ ಬೇಕಾದದ್ದು ಗಾಜಿನ ಉಪಕರಣ, ಹೀಟರ್, ಒಳ್ಳೆಯ ತಕ್ಕಡಿ, ಹೆಪ್ಟೇನ್, ಟಾಲೂಯಿನ್, ಜೊತೆಗೆ ಆವಿ ಎಳೆಯುವ ಫ್ಯೂಮ್ ಹುಡ್. ಎರಡೂ ದ್ರಾವಕ ಬೇಗ ಹೊತ್ತಿಕೊಳ್ಳುತ್ತವೆ, ಬರಿ ಬೆಂಕಿಯ ಹತ್ತಿರ ತರಲೇಬಾರದು. ಮೇಣಕ್ಕೆ ಆಳವಾಗಿ ತಣಿಸುವ ಫ್ರೀಜರ್ ಒಂದು ಬೇಕು. ರಸ್ತೆ ವಿಭಾಗ ಮತ್ತು ರಸಾಯನಶಾಸ್ತ್ರ ವಿಭಾಗ ಒಟ್ಟಿಗೆ ಕೂತರೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿಯೇ ಇದನ್ನು ಮಾಡಬಹುದು. ವರದಿಯಲ್ಲಿ ಯಾವ ದ್ರಾವಕ, ಗ್ರಾಂಗೆ ಎಷ್ಟು ಮಿಲಿ, ಬಿಸಿ ತೊಳೆತ ಎಷ್ಟು ಹೊತ್ತು, ಮೇಣ ಇಳಿಸಿದ್ದು ಎಷ್ಟು ಡಿಗ್ರಿಯಲ್ಲಿ ಅನ್ನುವುದನ್ನು ಬರೆದಿರಬೇಕು. ಆಗಲೇ ಒಂದು ಊರಿನ ಸಂಖ್ಯೆಯನ್ನು ಇನ್ನೊಂದು ಊರಿನದರ ಜೊತೆ ಹೋಲಿಸಬಹುದು. ಮಾದರಿಯನ್ನು ಟ್ಯಾಂಕರ್‌ನಿಂದಲೇ, ಜಲ್ಲಿ ಜೊತೆ ಸೇರುವ ಮೊದಲು ತೆಗೆದುಕೊಳ್ಳಬೇಕು. ರಸ್ತೆಗೆ ಹಾಕಿದ ಮೇಲೆ ಡಾಂಬರನ್ನು ಜಲ್ಲಿಯಿಂದ ಬಿಡಿಸಲು ಇನ್ನೊಂದು ದ್ರಾವಕ ಸೇರಿಸಬೇಕಾಗುತ್ತದೆ. ಅಷ್ಟೇ ಅಲ್ಲ, ಮಿಕ್ಸಿಂಗ್ ಪ್ಲಾಂಟ್‌ನ ಬಿಸಿಗೆ, ಗಾಳಿಗೆ ಸಿಕ್ಕ ಡಾಂಬರಿನಲ್ಲಿ ಅಸ್ಫಾಲ್ಟೀನ್ ಪ್ರಮಾಣ ಅಷ್ಟರಲ್ಲೇ ಸ್ವಲ್ಪ ಏರಿರುತ್ತದೆ.